ಸ್ಲ್ಯಾಬ್ ಹಾಕುವ ಮುಂಚೆ ಹವಾಮಾನ ನೋಡುವುದು ಹೇಗೆ

"ನಾಳೆ ಮಳೆ ಬರುತ್ತಾ?" ಸೈಟಿನಲ್ಲಿ ನನ್ನ ಕಿವಿಗೆ ಎಲ್ಲಕ್ಕಿಂತ ಜಾಸ್ತಿ ಬೀಳುವ ಪ್ರಶ್ನೆ ಇದೇ. ನಾನು ಕೂಡಲೇ ಉತ್ತರ ಕೊಡುವುದಿಲ್ಲ. "ನಾಳೆ ಏನು ಕೆಲಸ ಇಟ್ಟುಕೊಂಡಿದ್ದೀರಿ?" ಅಂತ ತಿರುಗಿ ಕೇಳುತ್ತೇನೆ. ಕೆಲವರಿಗೆ ಇದು ದೌಲತ್ತು ಅನ್ನಿಸಬಹುದು. ಆದರೆ ಬೇರೆ ದಾರಿ ಇಲ್ಲ. 5 ಮಿಲಿಮೀಟರ್ ಮಳೆ ಸ್ಲ್ಯಾಬ್ ಹಾಕುವವರಿಗೆ ದೊಡ್ಡ ತಲೆನೋವು. ಒಳಗೆ ಟೈಲ್ಸ್ ಕೂರಿಸುವವರಿಗೆ ಏನೂ ಅಲ್ಲ. ಮೊನ್ನೆ ಹಾಕಿದ ಕಾಂಕ್ರೀಟಿಗೆ ನೀರುಣಿಸುತ್ತಿರುವವರಿಗೆ ಖುಷಿಯ ಸುದ್ದಿ.

ನಾನು ಕಟ್ಟಡ ಕೆಲಸದ ಸೈಟ್ ಇಂಜಿನಿಯರ್. ಹವಾಮಾನ ವಿಜ್ಞಾನಿ ಅಲ್ಲ. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಕಾಂಕ್ರೀಟು, ಕ್ರೇನು, ಬಣ್ಣ ಇವುಗಳ ಸುತ್ತಲೇ ಇರುತ್ತವೆ. ಬೆಳೆಗೆ ಔಷಧಿ ಹೊಡೆಯುವವರು, ಬೆಟ್ಟ ಹತ್ತುವವರು, ಬಯಲಲ್ಲಿ ಕಾರ್ಯಕ್ರಮ ಇಟ್ಟುಕೊಂಡವರು ನನ್ನ ಅಂಕಿ ತೆಗೆದು ತಮ್ಮ ಅಂಕಿ ಹಾಕಿಕೊಳ್ಳಲಿ. ಪದ್ಧತಿ ಅದೇ.

ಮೊದಲು ಮಿತಿ, ಆಮೇಲೆ ಮುನ್ಸೂಚನೆ

ಮೊದಲ ಹೆಜ್ಜೆಗೆ ಫೋನ್ ಬೇಡ. ಒಂದು ಕಾಗದ ಸಾಕು. ಈ ಕೆಲಸ ಯಾವುದರಿಂದ ಕೆಡುತ್ತದೆ, ಎಷ್ಟಾದರೆ ಕೆಡುತ್ತದೆ, ಯಾವ ಗಂಟೆಯಿಂದ ಯಾವ ಗಂಟೆಯೊಳಗೆ ಬಂದರೆ ಕೆಡುತ್ತದೆ, ಇಷ್ಟನ್ನು ಬರೆಯಿರಿ. ಮುನ್ಸೂಚನೆ ನೋಡಿದ ಮೇಲೆ ಬರೆಯಲು ಹೋದರೆ ಮನಸ್ಸು ಚೌಕಾಸಿಗೆ ಇಳಿಯುತ್ತದೆ. ಗಾಳಿ ಗಂಟೆಗೆ 45 ಕಿಲೋಮೀಟರ್ ಅಂತ ತೋರಿಸಿದರೆ "50ರವರೆಗೂ ನಡೆಯುತ್ತೆ ಬಿಡಿ" ಅನ್ನುತ್ತೇವೆ. ಕಾಗದದಲ್ಲಿ 40 ಅಂತ ಮೊದಲೇ ಇದ್ದರೆ ಆ ಮಾತು ಬಾಯಿಗೆ ಬರುವುದಿಲ್ಲ.

ಸ್ಲ್ಯಾಬನ್ನೇ ನೋಡಿ. ಕಾಂಕ್ರೀಟು ಗಟ್ಟಿಯಾಗುವ ಮುಂಚೆ ಜೋರು ಮಳೆ ಬಿದ್ದರೆ ಮೇಲ್ಪದರದ ಸಿಮೆಂಟು ತೊಳೆದು ಹೋಗುತ್ತದೆ. ನೀರಿನ ಪಾಲು ಹೆಚ್ಚಾಗಿ ಮೇಲ್ಮೈ ಬಲ ಕಳೆದುಕೊಳ್ಳುತ್ತದೆ, ಆಮೇಲೆ ಪುಡಿ ಉದುರುತ್ತದೆ. ಅದೇ ಮಳೆ ಮರುದಿನ ಬಂದರೆ ಪುಕ್ಕಟೆ ಕ್ಯೂರಿಂಗ್ (ನೀರುಣಿಸುವ ಕೆಲಸ). ಅಂದರೆ ನನಗೆ "ನಾಳೆ ಮಳೆಯೇ?" ಅನ್ನುವುದು ಬೇಕಾಗಿಲ್ಲ. "ಬೆಳಿಗ್ಗೆ ಮೊದಲ ಲಾರಿ ಬಂದಾಗಿನಿಂದ, ಕೊನೆಯ ಲಾರಿ ಖಾಲಿಯಾಗಿ ಇನ್ನೊಂದು ಆರು ಗಂಟೆ ಕಳೆಯುವವರೆಗೆ, ತುಂತುರಿಗಿಂತ ಜೋರಾದ ಮಳೆ ಇದೆಯೇ?" ಇದು ನನ್ನ ಪ್ರಶ್ನೆ. ತಂಪು ಹವೆಯಲ್ಲಿ ಕಾಂಕ್ರೀಟು ನಿಧಾನಕ್ಕೆ ಗಟ್ಟಿಯಾಗುತ್ತದೆ, ಆಗ ಆ ಆರು ಗಂಟೆಯನ್ನು ಇನ್ನೂ ಉದ್ದ ಮಾಡಿಕೊಳ್ಳುತ್ತೇನೆ.

ಮಳೆಗೆ ಎಲ್ಲರೂ ಹೆದರುತ್ತಾರೆ. ಒಣಗಾಳಿಗೆ ಯಾರೂ ಹೆದರುವುದಿಲ್ಲ. ನನಗೆ ಎರಡನೆಯದರದ್ದೇ ಭಯ ಜಾಸ್ತಿ. ಹಸಿ ಕಾಂಕ್ರೀಟಿನ ಒಂದು ಚದರ ಮೀಟರಿನಿಂದ ಗಂಟೆಗೆ ಸುಮಾರು 1 ಕಿಲೋ ನೀರು ಆವಿಯಾಗಿ ಹೋಗುವ ಹಾಗಿದ್ದರೆ ಮೇಲ್ಮೈ ಒಣಗಿ ಬಿರುಕು ಬಿಡುವ ಅಪಾಯ ಇದೆ ಅನ್ನುವುದು ನಮ್ಮ ಕೆಲಸದಲ್ಲಿ ಬಳಕೆಯಲ್ಲಿರುವ ಅಂಕಿ. ಆವಿಯಾಗುವ ವೇಗ ನಾಲ್ಕು ವಿಷಯಗಳ ಮೇಲೆ ನಿಂತಿದೆ: ಗಾಳಿಯ ಬಿಸಿ, ಗಾಳಿಯಲ್ಲಿರುವ ತೇವ, ಗಾಳಿಯ ವೇಗ, ಕಾಂಕ್ರೀಟಿನದೇ ಬಿಸಿ. ಮೊದಲ ಮೂರೂ ಮುನ್ಸೂಚನೆಯಲ್ಲಿ ಸಿಗುತ್ತವೆ. ನಾಲ್ಕನೆಯದನ್ನು ಲಾರಿ ಬಂದಾಗ ಥರ್ಮಾಮೀಟರ್ ಚುಚ್ಚಿ ನೋಡಬೇಕು. ಆ್ಯಪಿನಲ್ಲಿ ಹಳದಿ ಸೂರ್ಯನ ಚಿತ್ರ ನೋಡಿ "ಒಳ್ಳೆ ದಿನ" ಅಂತ ಎಲ್ಲರೂ ಖುಷಿಯಾಗಿರುವಾಗ, ತೇವ 20 ಪರ್ಸೆಂಟು, ಗಾಳಿ 30 ಕಿಲೋಮೀಟರ್ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂಥ ದಿನ ನಾನು ಬಿಸಿಲೇರುವ ಮುಂಚೆಯೇ ಕೆಲಸ ಶುರು ಮಾಡಿಸುತ್ತೇನೆ. ಇಲ್ಲವೇ ಗಾಳಿ ತಡೆಯಲು ಪರದೆ ಕಟ್ಟಿಸಿ, ಮಂಜಿನಂಥ ನೀರು ಚಿಮ್ಮಿಸುವ ವ್ಯವಸ್ಥೆ ಇಟ್ಟುಕೊಳ್ಳುತ್ತೇನೆ. ಚಿತ್ರವನ್ನು ನಂಬಬೇಡಿ, ಅಂಕಿ ಓದಿ.

ಉಕ್ಕಿಗೆ ಬಣ್ಣ ಹೊಡೆಯುವಾಗ ಲೆಕ್ಕವೇ ಬೇರೆ. ಅಲ್ಲಿ ಮಳೆಗಿಂತ ಇಬ್ಬನಿ ಬಿಂದು ಮುಖ್ಯ. ಗಾಳಿ ಯಾವ ಉಷ್ಣತೆಗೆ ತಣಿದರೆ ಅದರಲ್ಲಿರುವ ತೇವ ನೀರಾಗಿ ಕೂರುತ್ತದೋ ಅದೇ ಇಬ್ಬನಿ ಬಿಂದು. ಉಕ್ಕಿನ ಮೈ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು, ತೇವ 85 ಪರ್ಸೆಂಟಿನ ಒಳಗಿರಬೇಕು ಅನ್ನುವುದು ರೂಢಿ. ಒಂದು ಹನಿ ಮಳೆ ಇಲ್ಲದ, ನಕ್ಷತ್ರ ಕಾಣುವ ರಾತ್ರಿಯ ಮರು ಬೆಳಿಗ್ಗೆಯೇ ಉಕ್ಕು ಒದ್ದೆಯಾಗಿರುವ ಸಾಧ್ಯತೆ ಜಾಸ್ತಿ. ಮೋಡವಿಲ್ಲದ ರಾತ್ರಿ ಲೋಹ ಬೇಗ ಬಿಸಿ ಕಳೆದುಕೊಳ್ಳುತ್ತದೆ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆ್ಯಪು ಹೇಳುವ ಉಷ್ಣತೆ ಗಾಳಿಯದು, ಉಕ್ಕಿನದಲ್ಲ.

ಯಾವಾಗ ತೀರ್ಮಾನ ಮಾಡಬೇಕು?

ಮಿತಿಯ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಯಾವ ತೀರ್ಮಾನಕ್ಕೆ ಕೊನೆಯ ಗಡುವು ಯಾವಾಗ. ಇದನ್ನು ಕೆಲಸದಿಂದ ಹಿಂದಕ್ಕೆ ಎಣಿಸಬೇಕು. ಪಂಪು ಮತ್ತು ಹೆಚ್ಚಿನ ಆಳುಗಳನ್ನು ಗೊತ್ತು ಮಾಡುವುದು ಮೂರು ದಿನ ಮುಂಚೆ. ಕಾಂಕ್ರೀಟಿಗೆ ಆರ್ಡರ್ ಖಾತ್ರಿ ಮಾಡುವುದು ಹಿಂದಿನ ಸಂಜೆ. ಮೊದಲ ಲಾರಿ ಹೊರಡಿಸುವುದು ಅವತ್ತು ಬೆಳಿಗ್ಗೆ. ಈ ಮೂರು ಗಡುವಿನಲ್ಲಿ ಮಾತ್ರ ನಾನು ಮುನ್ಸೂಚನೆಯನ್ನು ಗಂಭೀರವಾಗಿ ನೋಡುತ್ತೇನೆ. ನಡುವೆ ಹತ್ತು ನಿಮಿಷಕ್ಕೊಮ್ಮೆ ಆ್ಯಪ್ ತೆರೆದು ನೋಡುವುದು ಸುಮ್ನೆ ಮನಸ್ಸಿಗೆ ಕಿರಿಕಿರಿ. ಹವೆಯನ್ನು ಲೆಕ್ಕ ಹಾಕುವ ಜಗತ್ತಿನ ದೊಡ್ಡ ಕಂಪ್ಯೂಟರ್ ಮಾದರಿಗಳು ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 0, 6, 12, 18 ಗಂಟೆಯ ಲೆಕ್ಕದಲ್ಲಿ ಓಡುತ್ತವೆ, ಫಲಿತಾಂಶ ಅದಾದ ಕೆಲವು ಗಂಟೆಗೆ ಬರುತ್ತದೆ. ಈ ನಡುವೆ ಎಷ್ಟು ಸಲ ನೋಡಿದರೂ ಹಿಂದೆ ಇರುವುದು ಅದೇ ಓಟ, ಅಂದರೆ ಮಾದರಿಯ ಅದೇ ಒಂದು ಸಲದ ಲೆಕ್ಕ. ನಿಮ್ಮ ಗಡಿಯಾರದಲ್ಲಿ ಹೊಸ ಓಟ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಒಮ್ಮೆ ತಿಳಿದುಕೊಂಡರೆ ಗಡುವನ್ನೂ ಅದಕ್ಕೆ ಹೊಂದಿಸಬಹುದು.

ಒಂದೊಂದು ಗಡುವಿನಲ್ಲೂ ಕೇಳುವ ಪ್ರಶ್ನೆ ಬೇರೆ. ಆರೇಳು ದಿನ ಮುಂಚೆ "ಮಧ್ಯಾಹ್ನ 3 ಗಂಟೆಗೆ ಮಳೆ" ಅಂತ ಆ್ಯಪು ತೋರಿಸಿದರೆ ಅದನ್ನು ನಂಬುವುದಕ್ಕಾಗಲೀ ಅಲ್ಲಗಳೆಯುವುದಕ್ಕಾಗಲೀ ಹೋಗಬೇಡಿ. ಅಷ್ಟು ದೂರದಿಂದ ಗೊತ್ತಾಗುವುದು ಆ ವಾರ ಒಟ್ಟಾರೆ ಒದ್ದೆಯೋ ಒಣವೋ ಅನ್ನುವುದು ಮಾತ್ರ. ಇದಕ್ಕೆ ಕಾರಣ 1961ರಲ್ಲೇ ಸಿಕ್ಕಿತ್ತು. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತಮ್ಮ ಕಂಪ್ಯೂಟರ್ ಮಾದರಿಯನ್ನು ಮತ್ತೊಮ್ಮೆ ಓಡಿಸುವಾಗ 0.506127 ಬದಲು 0.506 ಅಂತ ಕೊಟ್ಟರು. ಮೊದಮೊದಲು ಎರಡೂ ಓಟಗಳು ಒಂದೇ ದಾರಿಯಲ್ಲಿ ಹೋದವು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹವೆ ತೋರಿಸಿದವು. ನಾವು ವಾತಾವರಣವನ್ನು ಅಳೆಯುವುದರಲ್ಲಿ ಇದಕ್ಕಿಂತ ದೊಡ್ಡ ತಪ್ಪುಗಳೇ ಇರುತ್ತವೆ. ಅದಕ್ಕೇ ಈಗ ಒಂದೇ ಓಟ ಓಡಿಸುವುದಿಲ್ಲ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ 1992ರಿಂದ ಆರಂಭದ ಸ್ಥಿತಿಯನ್ನು ಚೂರುಪಾರು ಬದಲಿಸಿ ಹಲವು ಓಟ ಓಡಿಸುತ್ತಿದೆ. ಈಗ ಅವು 50ಕ್ಕೂ ಹೆಚ್ಚು. ಎಲ್ಲ ಓಟಗಳೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದರೆ ಐದನೇ ದಿನವನ್ನೂ ನಂಬಿ ಯೋಜನೆ ಹಾಕಬಹುದು. ಒಂದೊಂದೂ ಒಂದೊಂದು ದಿಕ್ಕಿಗೆ ಓಡುತ್ತಿದ್ದರೆ ನಾಡಿದ್ದಿನ ಮಾತೇ ಅನುಮಾನ. ಇಂಥ ಓಟಗಳ ಗುಂಪನ್ನು ಗೆರೆಗಳ ರೂಪದಲ್ಲಿ ತೋರಿಸುವ ಜಾಲತಾಣಗಳಿವೆ. ಗೆರೆಗಳು ಎಲ್ಲಿಂದ ಚೆದುರಲು ಶುರುವಾಗುತ್ತವೆ ನೋಡಿ, ಅಲ್ಲಿಂದಾಚೆಗೆ ಗಂಟೆ ಲೆಕ್ಕ ಬಿಟ್ಟುಬಿಡಿ.

ಮುನ್ಸೂಚನೆ ಸುಧಾರಿಸಿಲ್ಲ ಅಂತ ಗೊಣಗುವವರಿಗೆ ಒಂದು ಮಾತು. ಕಳೆದ ಕೆಲವು ದಶಕಗಳಲ್ಲಿ ಹತ್ತು ವರ್ಷಕ್ಕೆ ಸುಮಾರು ಒಂದು ದಿನದ ಲೆಕ್ಕದಲ್ಲಿ ಅದು ಮುಂದೆ ಸಾಗಿದೆ. ಹಿಂದೆ ನಾಲ್ಕನೇ ದಿನದ ಬಗ್ಗೆ ಎಷ್ಟು ಗೊತ್ತಿತ್ತೋ, ಹತ್ತು ವರ್ಷದ ನಂತರ ಐದನೇ ದಿನದ ಬಗ್ಗೆ ಅಷ್ಟು ಗೊತ್ತಿರುತ್ತದೆ.

ಗಡುವು ಎಷ್ಟು ಮುಖ್ಯ ಅನ್ನುವುದಕ್ಕೆ, ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಸಮುದ್ರ ದಾಟಿ ಫ್ರಾನ್ಸಿನ ತೀರಕ್ಕೆ ಇಳಿದ 1944ರ ನಾರ್ಮಂಡಿ ದಾಳಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಜೂನ್ 5ಕ್ಕೆ ದಿನ ನಿಗದಿಯಾಗಿತ್ತು. ಉಬ್ಬರವಿಳಿತ ಮತ್ತು ಚಂದ್ರನ ಬೆಳಕು ಎರಡೂ ಹೊಂದುವ ದಿನಗಳು ಬೆರಳೆಣಿಕೆಯಷ್ಟೇ ಇದ್ದವು. ಅವು ತಪ್ಪಿದರೆ ಉಬ್ಬರವಿಳಿತ ಮತ್ತೆ ಹೊಂದುವುದಕ್ಕೇ ಸುಮಾರು ಎರಡು ವಾರ ಕಾಯಬೇಕು. ಐರ್ಲೆಂಡಿನ ಪಶ್ಚಿಮ ತುದಿಯ ಬ್ಲಾಕ್‌ಸಾಡ್‌ನಲ್ಲಿ ಮೊರೀನ್ ಫ್ಲಾವಿನ್ ಎಂಬ ಯುವತಿ ವಾಯುಭಾರ ಮಾಪಕ ಓದಿ, ಒತ್ತಡ ಬೇಗ ಇಳಿಯುತ್ತಿದೆ ಅಂತ ವರದಿ ಕಳಿಸಿದರು. ಮತ್ತೊಮ್ಮೆ ನೋಡಿ ಹೇಳಿ ಅಂತ ಅವರಿಗೆ ಕರೆ ಬಂತು. ಅವರ ಅಂಕಿ ಸರಿಯಾಗಿಯೇ ಇತ್ತು. ಮುಖ್ಯ ಹವಾಮಾನ ಸಲಹೆಗಾರ ಜೇಮ್ಸ್ ಸ್ಟ್ಯಾಗ್ ಅವರ ಮಾತು ಕೇಳಿ ಮಿತ್ರಪಡೆಗಳ ಸೇನಾಪತಿ ಐಸೆನ್‌ಹೋವರ್ ಒಂದು ದಿನ ಮುಂದೂಡಿದರು. 6ರಂದು ಸ್ವಲ್ಪ ಹೊತ್ತು ಹವೆ ತಿಳಿಯಾಗುತ್ತದೆ ಅಂತ ಸ್ಟ್ಯಾಗ್ ಹೇಳಿದ ಮೇಲೆ ಹೊರಡಲು ಆಜ್ಞೆ ಆಯಿತು. 6ನೇ ತಾರೀಖು ಒಳ್ಳೆಯ ದಿನವೇನೂ ಆಗಿರಲಿಲ್ಲ, ಸಮುದ್ರ ಒರಟಾಗಿಯೇ ಇತ್ತು. ಆದರೆ ಮಿತಿಯ ಒಳಗಿತ್ತು. ಎರಡು ವಾರ ಕಾದಿದ್ದರೆ ಜೂನ್ 19ರಂದು ಎದ್ದ ದೊಡ್ಡ ಬಿರುಗಾಳಿ ಎದುರಾಗುತ್ತಿತ್ತು. ಪರಿಪೂರ್ಣ ದಿನಕ್ಕೆ ಕಾಯುವವರಿಗೆ ನಾನು ಈ ಕತೆ ಹೇಳುತ್ತಿರುತ್ತೇನೆ.

ಪರ್ಸೆಂಟು ಓದುವುದು

"ಮಳೆ ಸಾಧ್ಯತೆ 30 ಪರ್ಸೆಂಟ್" ಅಂದರೇನು? ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್ ಈ ಐದು ನಗರಗಳಲ್ಲಿ ಜನರನ್ನು ಹೀಗೇ ಕೇಳಿದ್ದರು. 2005ರಲ್ಲಿ ಪ್ರಕಟವಾದ ಅಧ್ಯಯನ ಅದು. ದಿನದ 30 ಪರ್ಸೆಂಟ್ ಹೊತ್ತು ಮಳೆ ಅಂದವರಿದ್ದರು, ಊರಿನ 30 ಪರ್ಸೆಂಟ್ ಜಾಗದಲ್ಲಿ ಮಳೆ ಅಂದವರಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಸರಿಯಾಗಿ ಹೇಳಿದ್ದು ನ್ಯೂಯಾರ್ಕಿನಲ್ಲಿ ಮಾತ್ರ. ಸರಿಯಾದ ಅರ್ಥ ಹೀಗೆ: ಇಂಥದೇ ಸ್ಥಿತಿ ಇರುವ ಹತ್ತು ದಿನ ತೆಗೆದುಕೊಂಡರೆ ಸುಮಾರು ಮೂರು ದಿನ ನಿಮ್ಮ ಜಾಗದಲ್ಲಿ ಅಳೆಯುವಷ್ಟು ಮಳೆ ಬೀಳುತ್ತದೆ. ಎಷ್ಟು ಹೊತ್ತು, ಎಷ್ಟು ಜೋರು ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ. ಕಾಲು ಮಿಲಿಮೀಟರ್ ಬಿದ್ದರೂ ಅದು ಮಳೆಯೇ.

ಇನ್ನೊಂದು ಗೊಂದಲ. ದಿನಕ್ಕೆ 60 ಪರ್ಸೆಂಟ್ ಅಂತ ಇರುತ್ತದೆ, ಗಂಟೆಗಂಟೆಯ ಪಟ್ಟಿ ತೆರೆದರೆ ಎಲ್ಲೂ 20 ದಾಟಿರುವುದಿಲ್ಲ. "ಆ್ಯಪು ಸುಳ್ಳು ಹೇಳ್ತಿದೆ" ಅನ್ನುತ್ತಾರೆ. ಸುಳ್ಳಲ್ಲ. ಮಳೆ ಬರುವ ಸಾಧ್ಯತೆ ಚೆನ್ನಾಗಿದೆ, ಆದರೆ ಯಾವ ಗಂಟೆಗೆ ಅನ್ನುವುದು ಗೊತ್ತಿಲ್ಲ ಅಂತ ಅರ್ಥ. ನಿಮ್ಮ ಕೆಲಸಕ್ಕೆ ಹತ್ತು ಗಂಟೆ ಬೇಕಿದ್ದರೆ ದಿನದ ಅಂಕಿ ನೋಡಿ. ಒಂದು ಗಂಟೆಯ ಕೆಲಸವಾದರೆ ಗಂಟೆಯ ಅಂಕಿ.

ಎಷ್ಟು ಪರ್ಸೆಂಟ್ ಇದ್ದರೆ ಕೆಲಸ ನಿಲ್ಲಿಸಬೇಕು? ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಸುಲಭದ ಭಾಗಾಕಾರ ಇದೆ. ಮುನ್ನೆಚ್ಚರಿಕೆಗೆ ಆಗುವ ಖರ್ಚನ್ನು, ಮುನ್ನೆಚ್ಚರಿಕೆ ಇಲ್ಲದೆ ಮಳೆ ಬಂದರೆ ಆಗುವ ನಷ್ಟದಿಂದ ಭಾಗಿಸಿ. ಬರುವ ಅಂಕಿಯೇ ನಿಮ್ಮ ಗೆರೆ. ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಮುನ್ನೆಚ್ಚರಿಕೆ ತೆಗೆದುಕೊಳ್ಳಿ. ಸ್ಲ್ಯಾಬ್ ಕೆಟ್ಟರೆ ನಷ್ಟ 20 ಪಾಲು, ಟಾರ್ಪಾಲು ಮತ್ತು ಅದನ್ನು ಎತ್ತಿ ಹಿಡಿಯುವ ಚೌಕಟ್ಟು ತರಿಸಿಡಲು ಖರ್ಚು 1 ಪಾಲು ಅಂತಿಟ್ಟುಕೊಳ್ಳಿ. 20ರಲ್ಲಿ 1 ಅಂದರೆ 5 ಪರ್ಸೆಂಟ್. ಸಾಧ್ಯತೆ 5 ದಾಟಿತೋ ಟಾರ್ಪಾಲು ಸೈಟಿಗೆ ಬರಬೇಕು. ಕೆಲಸವನ್ನೇ ಮುಂದೂಡಲು ಖರ್ಚು 8 ಪಾಲು ಅಂದರೆ ಗೆರೆ 40ಕ್ಕೆ ಬಂತು. ಟಾರ್ಪಾಲು ಹೇಗೂ ಇದೆ ಅಂದರೆ ನಷ್ಟವೇ ಕಡಿಮೆ, ಹಾಗಾಗಿ ಮುಂದೂಡುವ ಗೆರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಒಂದೇ ಮುನ್ಸೂಚನೆ, ಎರಡು ಗೆರೆ, ಎರಡು ತೀರ್ಮಾನ. 20 ಪರ್ಸೆಂಟ್ ಇರುವ ದಿನ ನಾನು ಕೆಲಸ ಶುರು ಮಾಡಿಸುತ್ತೇನೆ, ಟಾರ್ಪಾಲನ್ನೂ ಇಳಿಸಿರುತ್ತೇನೆ. ಇದರಲ್ಲಿ ಗೊಂದಲವೇನೂ ಇಲ್ಲ.

ಈ ಲೆಕ್ಕ ಒಪ್ಪಿಕೊಂಡರೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. 5 ಪರ್ಸೆಂಟಿಗೆ ಟಾರ್ಪಾಲು ತರಿಸುವವರು ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಅದನ್ನು ಬಿಚ್ಚದೆಯೇ ವಾಪಸು ಕಳಿಸುತ್ತಾರೆ. ಅದು ದಂಡ ಅಲ್ಲ, ಲೆಕ್ಕದ ಭಾಗ. ಹುಸಿ ಎಚ್ಚರಿಕೆಯ ಬಗೆಗಿನ ಜಗಳ ಮುನ್ಸೂಚನೆಯಷ್ಟೇ ಹಳೆಯದು. 1859ರಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸ್ ತೀರದಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಬ್ರಿಟನ್ನಿನ ಹವಾಮಾನ ಇಲಾಖೆಯ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ರಾಯ್ 1861ರಲ್ಲಿ ಬಿರುಗಾಳಿ ಎಚ್ಚರಿಕೆ ಶುರು ಮಾಡಿದರು. ಟೆಲಿಗ್ರಾಫಿನಲ್ಲಿ ಸುದ್ದಿ ಹೋದರೆ ಬಂದರುಗಳಲ್ಲಿ ಕಂಬಕ್ಕೆ ಶಂಕುವಿನಾಕಾರದ ಗುರುತು ಏರಿಸುತ್ತಿದ್ದರು. ಅದೇ ವರ್ಷ ಪತ್ರಿಕೆಯಲ್ಲಿ ದಿನದ ಮುನ್ಸೂಚನೆಯೂ ಬರತೊಡಗಿತು. ತಪ್ಪಾದಾಗ ಗೇಲಿಯೂ ಆಯಿತು. ಅವರು ತೀರಿಹೋದ ಮರುವರ್ಷ, 1866ರಲ್ಲಿ, ಎರಡನ್ನೂ ನಿಲ್ಲಿಸಿದರು. ಆಗ ದನಿ ಎತ್ತಿದವರು ಸಮುದ್ರಕ್ಕೆ ಹೋಗುವ ಜನ. 1867ರಲ್ಲಿ ಬಿರುಗಾಳಿ ಎಚ್ಚರಿಕೆ ಮತ್ತೆ ಬಂತು. ಹುಸಿ ಎಚ್ಚರಿಕೆಯಿಂದ ಅವರಿಗೆ ಹೋಗುತ್ತಿದ್ದದ್ದು ಒಂದು ದಿನದ ದುಡಿಮೆ. ಎಚ್ಚರಿಕೆಯೇ ಇಲ್ಲದಿದ್ದರೆ ಹೋಗುವುದು ಏನು ಅಂತ ಅವರಿಗೆ ಗೊತ್ತಿತ್ತು.

ಜನರ ಜೀವ ಇರುವ ಕಡೆ ಈ ಭಾಗಾಕಾರ ಮಾಡಬೇಡಿ. ಅಲ್ಲಿ ಮಿತಿ ಅಂದರೆ ಮಿತಿ, ಅಷ್ಟೇ.

ನಿಮ್ಮ ಜಾಗವನ್ನು ನೀವೇ ಅಳೆಯಿರಿ

ಜಾಗತಿಕ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ನೋಡುತ್ತವೆ. ಒಳ್ಳೆಯ ಮಾದರಿಯಲ್ಲೂ ಒಂದು ಚೌಕದ ಬದಿ 9 ಕಿಲೋಮೀಟರ್ ಆಸುಪಾಸು. ನಿಮ್ಮ ಸೈಟು, ಪಕ್ಕದ ಗುಡ್ಡ, ಆಚೆಯ ಕೆರೆ ಎಲ್ಲವೂ ಒಂದೇ ಚೌಕದೊಳಗೆ. ಒಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್. ಹಾಗಾಗಿ ಅದು ನಿಮ್ಮ ತಲೆ ಮೇಲೆ ಸುರಿಯುತ್ತದೋ ಪಕ್ಕದವರ ಮೇಲೋ ಅಂತ ಇಂಥ ಮಾದರಿ ಹಿಂದಿನ ದಿನವೇ ಹೇಳಲಾರದು. ಈ ಅಂತರ ತುಂಬಲು ನಿಮ್ಮದೇ ಅಳತೆ ಬೇಕು.

ಮಳೆ ಅಳೆಯುವುದು ಎಲ್ಲಕ್ಕಿಂತ ಸುಲಭ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿ, ಒಂದು ಅಳತೆಪಟ್ಟಿ. ಗೋಡೆ, ಮರದಿಂದ ದೂರ ಇಡಿ. ಅವುಗಳ ಎತ್ತರದ ಎರಡರಷ್ಟಾದರೂ ದೂರ ಇರಬೇಕು. 1 ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್. 100 ಚದರ ಮೀಟರ್ ಸ್ಲ್ಯಾಬಿನ ಮೇಲೆ 20 ಮಿಲಿಮೀಟರ್ ಬಿದ್ದರೆ 2000 ಲೀಟರ್ ನೀರು. ಎಷ್ಟು ಹೊತ್ತಿನಲ್ಲಿ ಬಿತ್ತು ಅಂತಲೂ ಬರೆಯಿರಿ. 20 ಮಿಲಿಮೀಟರ್ ಹತ್ತು ಗಂಟೆಯಲ್ಲಿ ಬಿದ್ದರೆ ಪಾಯದ ಗುಂಡಿ ಬರೀ ಕೆಸರು. ಇಪ್ಪತ್ತು ನಿಮಿಷದಲ್ಲಿ ಬಿದ್ದರೆ ಗುಂಡಿಯ ಅಂಚೇ ಕುಸಿಯಬಹುದು.

ಥರ್ಮಾಮೀಟರ್ ನೆರಳಲ್ಲಿ, ಗಾಳಿ ಆಡುವ ಕಡೆ, ಎದೆ ಎತ್ತರದಲ್ಲಿರಲಿ. ಬಿಸಿಲಿಗೆ ಇಟ್ಟರೆ ಅದು ತನ್ನ ಬಿಸಿಯನ್ನೇ ಅಳೆಯುತ್ತದೆ. ಆಳುಗಳ ವಿಷಯದಲ್ಲಿ ಇದನ್ನು ತಿರುಗಿಸಿ ನೋಡಬೇಕು. ಮುನ್ಸೂಚನೆಯಲ್ಲಿ "ಮೈಗೆ ಅನ್ನಿಸುವ ಬಿಸಿ" ಅಂತ ಕೊಡುವ ಅಂಕಿಯನ್ನು ಸಾಮಾನ್ಯವಾಗಿ ನೆರಳಿಗೆ ಲೆಕ್ಕ ಹಾಕಿರುತ್ತಾರೆ. ಸೆಂಟ್ರಿಂಗ್ (ಸ್ಲ್ಯಾಬಿಗೆ ಕೆಳಗೆ ಕೊಡುವ ತಾತ್ಕಾಲಿಕ ಹಲಗೆ) ಮೇಲೆ ನೇರ ಬಿಸಿಲಲ್ಲಿ ಕಂಬಿ ಕಟ್ಟುವವರಿಗೆ ಅದು 8 ಡಿಗ್ರಿಯವರೆಗೂ ಹೆಚ್ಚು ಅನ್ನಿಸಬಹುದು. ಹೊಸದಾಗಿ ಬಂದ ಆಳುಗಳ ಮೈ ಬಿಸಿಲಿಗೆ ಒಗ್ಗಿರುವುದಿಲ್ಲ. ಅವರಿಗೆ ಮೊದಲ ವಾರ ಕೆಲಸ ಕಡಿಮೆ, ನೆರಳು ಜಾಸ್ತಿ.

ಗಾಳಿಯ ಅಂಕಿಯನ್ನು ಜನ ತಪ್ಪಾಗಿ ಓದುವುದೇ ಹೆಚ್ಚು. ಮುನ್ಸೂಚನೆಯಲ್ಲಿ ಬರುವ ವೇಗ ಬಯಲು ನೆಲದಿಂದ 10 ಮೀಟರ್ ಎತ್ತರದ್ದು. ವೀಕ್ಷಣಾ ಕೇಂದ್ರದಲ್ಲಿ ಅದನ್ನು ಸಾಮಾನ್ಯವಾಗಿ 10 ನಿಮಿಷದ ಸರಾಸರಿಯಾಗಿ ಅಳೆಯುತ್ತಾರೆ. ಕ್ರೇನಿನ ತೋಳು ಇರುವುದು 60 ಮೀಟರಿನಲ್ಲಿ, ಅಲ್ಲಿ ಗಾಳಿ ಇನ್ನೂ ಜೋರು. ಹೊಡೆತ ಕೊಡುವುದು ಸರಾಸರಿ ಅಲ್ಲ, ಕೆಲವೇ ಸೆಕೆಂಡು ಬೀಸುವ ರಭಸದ ಗಾಳಿ. ಒಳ್ಳೆಯ ಮುನ್ಸೂಚನೆಯಲ್ಲಿ ಅದನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ನೋಡಬೇಕಾದ್ದು ಆ ಸಾಲು. ಮತ್ತೆ, ಗಾಳಿಯ ವೇಗ ಎರಡರಷ್ಟಾದರೆ ಒತ್ತುವ ಬಲ ನಾಲ್ಕರಷ್ಟಾಗುತ್ತದೆ. 20ರಿಂದ 40ಕ್ಕೆ ಹೋದರೆ "ಸ್ವಲ್ಪ ಜಾಸ್ತಿ ಆಯ್ತು" ಅಂತಲ್ಲ. ಕ್ರೇನಿಗೆ ತಯಾರಕರು ಕೊಟ್ಟ ಮಿತಿ ಇರುತ್ತದೆ. ಅಗಲವಾದ ಪ್ಲೈವುಡ್ ಹಾಳೆಗಳನ್ನು ಎತ್ತುವಾಗ ನಾನು ಆ ಮಿತಿಗಿಂತ ತುಂಬಾ ಮುಂಚೆಯೇ ನಿಲ್ಲಿಸುತ್ತೇನೆ. ಹಾಯಿ ಹಾಗೆ ಗಾಳಿ ಹಿಡಿದುಕೊಳ್ಳುತ್ತದೆ ಅದು.

ಕೆಲವು ಫೋನುಗಳಲ್ಲಿ ವಾಯುಒತ್ತಡ ಅಳೆಯುವ ಸಾಧನವೂ ಇರುತ್ತದೆ. ಒಳ್ಳೆಯ ಆಟಿಕೆ, ಆದರೆ ಎರಡು ವಿಷಯ ತಿಳಿದಿರಬೇಕು. 8 ಮೀಟರ್ ಮೇಲೆ ಹತ್ತಿದರೆ ಒತ್ತಡ ಸುಮಾರು 1 ಹೆಕ್ಟೋಪಾಸ್ಕಲ್ (ವಾಯುಒತ್ತಡದ ಅಳತೆ) ಇಳಿಯುತ್ತದೆ. ಮೂರನೇ ಮಹಡಿಗೆ ಹೋಗಿ "ಒತ್ತಡ ಕುಸಿದಿದೆ" ಅಂದರೆ ಕುಸಿದಿದ್ದಲ್ಲ, ನೀವು ಹತ್ತಿದ್ದು. ಎರಡನೆಯದು, ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿ ಏರಿ ಇಳಿಯುತ್ತದೆ. ಬೆಳಿಗ್ಗೆ 10ರ ಹೊತ್ತಿಗೆ ಏರಿರುತ್ತದೆ, ಸಂಜೆ 4ರ ಹೊತ್ತಿಗೆ ಎರಡು ಮೂರು ಹೆಕ್ಟೋಪಾಸ್ಕಲ್ ಇಳಿದಿರುತ್ತದೆ. ಹಾಗಾಗಿ ಬೆಳಗಿನ ಅಂಕಿಯ ಜೊತೆ ಸಂಜೆಯದನ್ನು ಹೋಲಿಸಬೇಡಿ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಅಂತ ನೋಡಿ.

ಕೊನೆಯ ಮೂರು ಗಂಟೆ

ಲಾರಿ ಹೊರಟ ಮೇಲೆ ಮುನ್ಸೂಚನೆಯ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಇನ್ನು ಮುಂದೆ ಕಣ್ಣಿಗೆ ಕಾಣುವುದೇ ಮುಖ್ಯ. ಆ್ಯಪು "ಮಳೆ ಇಲ್ಲ" ಅನ್ನುತ್ತಿದ್ದು ಪಶ್ಚಿಮದಲ್ಲಿ ಕಪ್ಪು ಮೋಡ ಹೂಕೋಸಿನಂತೆ ಉಬ್ಬುತ್ತಿದ್ದರೆ ಮೋಡವನ್ನು ನಂಬಿ.

ರೇಡಾರ್ ಚಿತ್ರ ಸಿಗುವ ಕಡೆ ಅದನ್ನು ಓಡಿಸಿ ನೋಡಿ. ನಿಂತ ಚಿತ್ರ ಸಾಲದು. ಮೊದಲು ಚಿತ್ರದ ಸಮಯ ಓದಿ, ಅದು ಇಪ್ಪತ್ತು ನಿಮಿಷ ಹಳೆಯದಿರಬಹುದು. ಮಳೆಯ ಮಚ್ಚೆಗಳು ಯಾವ ಕಡೆ ಸಾಗುತ್ತಿವೆ, ಬೆಳೆಯುತ್ತಿವೆಯೋ ಕರಗುತ್ತಿವೆಯೋ ಗಮನಿಸಿ. ಸಾಗುವ ವೇಗ ಹಿಡಿದು ಮುಂದಿನ ಒಂದು ಗಂಟೆ ಊಹಿಸಬಹುದು, ಎರಡು ಗಂಟೆ ಅಂದರೆ ಅನುಮಾನ. ಒಂದು ಬಿಡಿ ಗುಡುಗು ಮೋಡದ ಆಯಸ್ಸೇ ಅರ್ಧ ಗಂಟೆಯಿಂದ ಒಂದು ಗಂಟೆ. ಸಾಲುಗಟ್ಟಿ ಬರುವ ಮೋಡಗಳಾದರೆ ಇನ್ನೂ ಹೆಚ್ಚು ಹೊತ್ತು ನಂಬಬಹುದು. ನೀವು ರೇಡಾರಿನಿಂದ 100 ಕಿಲೋಮೀಟರ್ ದೂರ ಇದ್ದರೆ ಅದರ ಕಿರಣ ನಿಮ್ಮ ತಲೆಯ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ತಗ್ಗು ಮೋಡದ ಮಳೆ ಅದಕ್ಕೆ ಕಾಣದೇ ಇರಬಹುದು.

ಬಿಸಿ ಮಧ್ಯಾಹ್ನದಲ್ಲಿ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿದರೆ ಎಲ್ಲರೂ ಹಾಯ್ ಅನ್ನುತ್ತಾರೆ. ನಾನು ಕ್ರೇನ್ ಕಡೆ ಓಡುತ್ತೇನೆ. ದೂರದ ಗುಡುಗು ಮೋಡದಿಂದ ಕೆಳಗೆ ಸುರಿದ ತಣ್ಣನೆ ಗಾಳಿ ನೆಲಕ್ಕೆ ತಾಗಿ ಹರಡಿಕೊಂಡು ಮಳೆಗಿಂತ ಮುಂಚೆ ಬರುತ್ತದೆ. ಟಾರ್ಪಾಲು ಹಾರುವುದು, ಗೋಡೆಗೆ ಒರಗಿಸಿಟ್ಟ ಹಾಳೆಗಳು ಬೀಳುವುದು ಆಗಲೇ.

ಸಿಡಿಲಿಗೆ ನನ್ನ ನಿಯಮ ಒಂದೇ. ಗುಡುಗು ಕೇಳಿಸಿತೋ, ಎತ್ತರದಲ್ಲಿರುವವರು ಇಳಿಯಬೇಕು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡು ಅಂದರೆ 10 ಕಿಲೋಮೀಟರ್. ಮುಂದಿನ ಸಿಡಿಲು ಅಷ್ಟು ದೂರ ಹಾರಿ ನಿಮ್ಮ ಮೇಲೇ ಬೀಳಬಹುದು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರೂ ಮೇಲೆ ಹತ್ತುವ ಹಾಗಿಲ್ಲ. ಟವರ್ ಕ್ರೇನ್ ಆಪರೇಟರ್ ಏಣಿ ಇಳಿದು ನೆಲ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ. ಅವರಿಗೆ ಗುಡುಗು ಕೇಳುವವರೆಗೂ ಕಾಯಿಸುವುದಿಲ್ಲ, ರೇಡಾರಿನಲ್ಲಿ ಮೋಡ ಬೆಳೆಯುವುದು ಕಂಡಾಗಲೇ ಇಳಿಸುತ್ತೇನೆ.

ಬರೆದಿಡುವುದು

ಪ್ರತಿ ತೀರ್ಮಾನಕ್ಕೂ ಒಂದು ಸಾಲು ಬರೆದಿಡಿ: ಯಾವ ಹೊತ್ತಿಗೆ ಹೊರಟ ಮುನ್ಸೂಚನೆ, ಅದು ಏನು ಹೇಳಿತ್ತು, ನನ್ನ ಗೆರೆ ಎಷ್ಟಿತ್ತು, ಏನು ಮಾಡಿದೆ, ಆಮೇಲೆ ಏನಾಯಿತು. ಕೆಲಸ ಮುಂದೂಡಿದ ದಿನ ಮಳೆ ಬರದಿದ್ದರೆ ಮಾಲೀಕರು ಬಂದು "ಒಂದು ಹನಿನೂ ಬೀಳಲಿಲ್ಲವಲ್ರೀ" ಅನ್ನುವುದು ಖಂಡಿತ. ಆಗ ಬಾಯಿಮಾತಿನ ವಾದ ನಿಲ್ಲುವುದಿಲ್ಲ. ಆ ಸಾಲು ತೋರಿಸಿದರೆ, ತೀರ್ಮಾನ ಮಾಡುವಾಗ ನನ್ನ ಮುಂದೆ ಏನಿತ್ತು ಅಂತ ಅವರಿಗೂ ಕಾಣುತ್ತದೆ. ಮಳೆ ಬಂತೋ ಇಲ್ಲವೋ ಅನ್ನುವುದರ ಮೇಲೆ ಒಂದು ತೀರ್ಮಾನವನ್ನು ಅಳೆಯಲು ಆಗುವುದಿಲ್ಲ. 60 ಪರ್ಸೆಂಟ್ ಇದ್ದ ದಿನವೂ ಹತ್ತರಲ್ಲಿ ನಾಲ್ಕು ಸಲ ಒಣಗೇ ಇರುತ್ತದೆ.

ಒಂದು ಮಳೆಗಾಲ ಮುಗಿದ ಮೇಲೆ ಆ ಸಾಲುಗಳನ್ನು ಒಟ್ಟು ಮಾಡಿ. 30 ಪರ್ಸೆಂಟ್ ಅಂದ ದಿನಗಳನ್ನೆಲ್ಲ ಒಂದು ಕಡೆ ಇಡಿ. ಅದರಲ್ಲಿ ಮೂರನೇ ಒಂದು ಭಾಗದ ಹತ್ತಿರ ಮಳೆಯಾಗಿದ್ದರೆ ನಿಮ್ಮ ಮುನ್ಸೂಚನೆ ನಿಮ್ಮ ಜಾಗಕ್ಕೆ ಸರಿಯಾಗಿದೆ. ಅರ್ಧಕ್ಕರ್ಧ ಆಗಿದ್ದರೆ ಅದು ನಿಮ್ಮ ಮಳೆಯನ್ನು ಕಡಿಮೆ ಹೇಳುತ್ತಿದೆ. ಮುಂದಿನ ವರ್ಷ ಅದು 30 ಅಂದಾಗ ನೀವು 50 ಅಂತ ಓದಿಕೊಳ್ಳಿ. ಗಾಳಿಗೂ ಹೀಗೇ. ಕಣಿವೆಯ ಬಾಯಲ್ಲಿರುವ ಸೈಟಿನಲ್ಲಿ ಆ್ಯಪಿನ ಅಂಕಿಗಿಂತ ಗಾಳಿ ಯಾವಾಗಲೂ ಜಾಸ್ತಿ ಇದ್ದರೆ, ಎಷ್ಟು ಜಾಸ್ತಿ ಅನ್ನುವುದನ್ನು ನಿಮ್ಮದೇ ಗಾಳಿಮಾಪಕ ಹೇಳುತ್ತದೆ. ಆ ವ್ಯತ್ಯಾಸವನ್ನು ಮಿತಿಯ ಕಾಗದದ ಮೂಲೆಯಲ್ಲಿ ಬರೆದಿಡಿ. ಸೈಟು ಬದಲಾದಾಗ ಹೊಡೆದುಹಾಕಿ, ಅಲ್ಲಿ ಹೊಸದಾಗಿ ಅಳೆಯಲು ಶುರು ಮಾಡಿ.